ಪಂದ್ಯದ ಬಗ್ಗೆಯೂ ಸ್ವಲ್ಪ ಮಾತಾಡಿ

ಕ್ರೀಡಾ ವಾಹಿನಿಗಳ ಮುಖ್ಯಸ್ಥರಿಗೆ, ಫುಟ್‌ಬಾಲ್ ಪ್ರಸಾರದ ಹೊಣೆ ಹೊತ್ತ ನಿರ್ಮಾಪಕರಿಗೆ, ಮೈಕ್ ಮುಂದೆ ಕೂರುವ ಕಾಮೆಂಟೇಟರ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಟಿವಿಯಲ್ಲಿ ಫುಟ್‌ಬಾಲ್ ನೋಡುವ ಒಬ್ಬ ಸಾಮಾನ್ಯ ವೀಕ್ಷಕ. ಆಟಗಾರನಲ್ಲ, ಕೋಚ್ ಅಲ್ಲ, ಪತ್ರಕರ್ತನೂ ಅಲ್ಲ. ಚಂದಾ ಕಟ್ಟುತ್ತೇನೆ, ಪಂದ್ಯ ನೋಡುತ್ತೇನೆ, ಅಷ್ಟೇ. ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾಮೆಂಟರಿಯಲ್ಲಿ ಎಲ್ಲಾ ಇರುತ್ತದೆ, ಎದುರಿಗೆ ನಡೆಯುತ್ತಿರುವ ಪಂದ್ಯ ಒಂದು ಬಿಟ್ಟು.

ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ಅದರಲ್ಲಿ ನೀವು ಬಹಳ ಮುಂದೆ ಹೋಗಿದ್ದೀರಿ. ಗೋಲ್‌ಕೀಪರ್‌ನ ಗ್ಲೌಸ್‌ಗೆ ಹತ್ತಿದ ಮಣ್ಣೂ ಕಾಣುತ್ತದೆ. ಒಂದು ಫೌಲನ್ನು ನಾಲ್ಕು ಕಡೆಯಿಂದ ತೋರಿಸುತ್ತೀರಿ. ಆದರೆ ಜೊತೆಗೆ ಬರುವ ಮಾತು ಕೇಳಿದರೆ, ಇವರು ಬೇರೆ ಯಾವುದೋ ಪಂದ್ಯ ನೋಡುತ್ತಿದ್ದಾರೇನೋ ಅನಿಸುತ್ತದೆ. ನನ್ನಂಥ ಎಷ್ಟೋ ಜನ ಧ್ವನಿ ಪೂರ್ತಿ ಬಂದ್ ಮಾಡಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಹಾಗೆ ಮಾಡಿದರೆ ಮೈದಾನದ ಸದ್ದೂ ಹೋಗುತ್ತದೆ. ಜನರ ಕೂಗು ಇಲ್ಲದ ಫುಟ್‌ಬಾಲ್ ಅರ್ಧ ಫುಟ್‌ಬಾಲ್. ಆದರೂ ಅದೇ ಮೇಲು ಅನ್ನುವ ಮಟ್ಟಕ್ಕೆ ನಮ್ಮನ್ನು ತಂದು ನಿಲ್ಲಿಸಿದ್ದೀರಿ.

ಇತ್ತೀಚೆಗೆ ನೋಡಿದ ಒಂದು ಪಂದ್ಯದ ವಿಷಯ ಹೇಳುತ್ತೇನೆ. ಕೊನೆಯ ಹತ್ತು ನಿಮಿಷ. ಒಂದು ತಂಡ ಒಂದೇ ಗೋಲಿನಿಂದ ಮುಂದಿತ್ತು. ಆ ತಂಡದ ಗೋಲ್‌ಕೀಪರ್ ಒಂದು ಕ್ರಾಸ್ ಹಿಡಿದ. ಚೆಂಡನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಬಿದ್ದ. ನಿಧಾನಕ್ಕೆ ಎದ್ದ. ಸುತ್ತ ನೋಡಿದ. ತನ್ನವರಿಗೆ ಮುಂದೆ ಹೋಗಿ ಅಂತ ಕೈ ಬೀಸಿದ. ಅಷ್ಟರಲ್ಲಿ ರೆಫರಿ ಕೈ ಮೇಲೆತ್ತಿ ಬೆರಳು ಮಡಿಚುತ್ತಾ ಎಣಿಸುತ್ತಿದ್ದರು. ಐದು, ನಾಲ್ಕು, ಮೂರು. ಪರದೆ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ನಿಮ್ಮ ಇಬ್ಬರು ಕಾಮೆಂಟೇಟರ್‌ಗಳು ಏನು ಮಾತಾಡುತ್ತಿದ್ದರು ಗೊತ್ತಾ? ಬೆಂಚಿನ ಮೇಲೆ ಕೂತಿದ್ದ ಒಬ್ಬ ಆಟಗಾರ ಮುಂದಿನ ಸೀಸನ್‌ಗೆ ಯಾವ ಕ್ಲಬ್ ಸೇರಬಹುದು ಅಂತ. ಸೀಟಿ ಕೇಳಿಸಿತು. ರೆಫರಿ ಕಾರ್ನರ್ ಕಡೆ ಕೈ ತೋರಿಸಿದರು. "ಅರೆ, ಇದೇನು?" ಅಂದರು ಒಬ್ಬರು. "ಏನೋ ಫೌಲ್ ಇರಬೇಕು" ಅಂದರು ಇನ್ನೊಬ್ಬರು.

ಫೌಲೂ ಇಲ್ಲ, ಏನೂ ಇಲ್ಲ. ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಜಾಸ್ತಿ ಹೊತ್ತು ಚೆಂಡನ್ನು ಕೈಯಲ್ಲಿ ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ. 2025ರ ಜುಲೈನಿಂದ ಜಾರಿಗೆ ಬಂದ ನಿಯಮ ಇದು. ಕೊನೆಯ ಐದು ಸೆಕೆಂಡನ್ನು ರೆಫರಿ ಕೈಯೆತ್ತಿ ಎಣಿಸಬೇಕು ಅಂತಲೂ ಅದರಲ್ಲೇ ಇದೆ. ಅದಕ್ಕೆ ಮೊದಲು ಆರು ಸೆಕೆಂಡಿನ ಮಿತಿ ಇತ್ತು. ಮೀರಿದರೆ ಎದುರಾಳಿಗೆ ಗೋಲಿನ ಹತ್ತಿರವೇ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲಿಗೆ ಹೊಡೆಯಲಾಗದ ಒದೆತ). ಶಿಕ್ಷೆ ಜಾಸ್ತಿ ಆಯ್ತು ಅಂತಲೋ ಏನೋ, ರೆಫರಿಗಳು ಅದನ್ನು ಕೊಡುತ್ತಿದ್ದದ್ದೇ ಅಪರೂಪ. ಕೀಪರ್‌ಗಳು ಆರಾಮಾಗಿ ಹೊತ್ತು ಕಳೆಯುತ್ತಿದ್ದರು. ಅದಕ್ಕೇ ನಿಯಮ ಬದಲಾಯಿತು. ಇಷ್ಟನ್ನು ಹೇಳುವುದಕ್ಕೆ ಅರ್ಧ ನಿಮಿಷವೂ ಬೇಡ. ಗೆಲುವು ಉಳಿಸಿಕೊಳ್ಳಲು ಸಮಯ ತಿನ್ನುವ ಕೀಪರ್, ಬೆರಳು ಎಣಿಸುತ್ತಾ ನಿಂತ ರೆಫರಿ, ಒಂದು ಗೋಲಿಗಾಗಿ ಚಡಪಡಿಸುವ ಎದುರಾಳಿ. ಆ ಪಂದ್ಯದ ಅತ್ಯಂತ ಬಿಸಿ ಗಳಿಗೆ ಅದು. ನಿಮ್ಮವರು ಅದನ್ನು ನೋಡಲೇ ಇಲ್ಲ. ಕಾರ್ನರ್ ಹೊಡೆದು ಮುಗಿದ ಮೇಲಾದರೂ ಏನಾಯಿತು ಅಂತ ಹೇಳಿದರಾ? ಇಲ್ಲ. ಮತ್ತೆ ಆ ಬೆಂಚಿನ ಆಟಗಾರನ ವಿಷಯಕ್ಕೇ ಬಂದರು.

ಹೀಗೆ ಯಾಕಾಗುತ್ತದೆ? ಟಿವಿ ನೋಡುವವನಿಗೆ ಏನು ಬೇಕು ಅನ್ನುವ ಪ್ರಶ್ನೆಯನ್ನೇ ನಿಮ್ಮಲ್ಲಿ ಯಾರೂ ಕೇಳಿಕೊಳ್ಳುತ್ತಿಲ್ಲ ಅಂತ ನನಗೆ ಅನಿಸುತ್ತದೆ. ಕಾಮೆಂಟರಿ ಶುರು ಮಾಡಿದವರು ಕೇಳಿಕೊಂಡಿದ್ದರು. 1927ರ ಜನವರಿ 22ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಆಡಿದ ಪಂದ್ಯವನ್ನು ಬಿಬಿಸಿ ರೇಡಿಯೊ ನೇರವಾಗಿ ಬಿತ್ತರಿಸಿತು. ಮಾತಾಡಿದವರು ಟೆಡ್ಡಿ ವೇಕ್‌ಲಮ್. ಮೈದಾನವನ್ನು ಎಂಟು ಚೌಕ ಮಾಡಿ, ಒಂದೊಂದಕ್ಕೂ ನಂಬರ್ ಕೊಟ್ಟು, ಆ ನಕ್ಷೆಯನ್ನು ರೇಡಿಯೊ ಟೈಮ್ಸ್ ಪತ್ರಿಕೆಯಲ್ಲಿ ಮೊದಲೇ ಅಚ್ಚು ಹಾಕಿದ್ದರು. ವೇಕ್‌ಲಮ್ ಆಟ ಹೇಳುತ್ತಾ ಹೋದರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಚೆಂಡು ಯಾವ ಚೌಕದಲ್ಲಿದೆ ಅಂತ ನಂಬರ್ ಹೇಳುತ್ತಿದ್ದರು. ಮನೆಯಲ್ಲಿ ಕೂತವನು ನಕ್ಷೆ ಮೇಲೆ ಬೆರಳಿಟ್ಟು ಕೇಳಬಹುದಿತ್ತು. ಕೇಳುವವನಿಗೆ ಏನು ಕಾಣುತ್ತಿಲ್ಲ, ಅದನ್ನು ಹೇಗೆ ತಲುಪಿಸೋಣ ಅಂತ ಅವರು ತಲೆ ಕೆಡಿಸಿಕೊಂಡಿದ್ದರು.

ಈಗ ಚೆಂಡು ಎಲ್ಲಿದೆ ಅಂತ ನಮಗೆ ಕಾಣುತ್ತದೆ. "ಎಡಗಡೆಗೆ ಪಾಸ್, ಮತ್ತೆ ಹಿಂದಕ್ಕೆ, ಈಗ ಬಲಕ್ಕೆ" ಅಂತ ಯಾರೂ ಹೇಳಬೇಕಿಲ್ಲ. (ಕಣ್ಣು ಕಾಣದವರಿಗಾಗಿ ಮಾಡುವ ವರ್ಣನೆಯ ಕಾಮೆಂಟರಿ ಬೇರೆಯೇ ಕಸುಬು. 2014ರ ವಿಶ್ವಕಪ್‌ನಲ್ಲಿ ಫಿಫಾ ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿತ್ತು. ಅದು ಎಲ್ಲ ಕಡೆ ಬರಬೇಕು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬಹುದು.) ನಮಗೆ ಕಾಣದೇ ಇರುವುದು ಚೆಂಡು ಇಲ್ಲದ ಕಡೆ ಏನಾಗುತ್ತಿದೆ ಅನ್ನುವುದು. ಕಂಡರೂ ತಿಳಿಯದೇ ಇರುವುದು ಅದು ಯಾಕಾಗುತ್ತಿದೆ ಅನ್ನುವುದು. ಆ ಎರಡನ್ನು ಹೇಳಿ ಸಾಕು.

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ತಗೊಳ್ಳಿ. ಅರ್ಜೆಂಟೀನಾ ಆ ದಿನ ಡಿ ಮರಿಯಾ ಅವರನ್ನು ಎಡ ಅಂಚಿಗೆ ನಿಲ್ಲಿಸಿತು. ಮೊದಲ ಪೆನಾಲ್ಟಿ ಸಿಕ್ಕಿದ್ದು ಅವರ ಮೇಲಾದ ಫೌಲಿಗೆ. ಎರಡನೇ ಗೋಲು ಹೊಡೆದದ್ದೂ ಅವರೇ. ಫ್ರಾನ್ಸ್ ಕೋಚ್ ಡೆಶಾಂಪ್ ಮಧ್ಯಂತರದ ತನಕವೂ ಕಾಯಲಿಲ್ಲ. 41ನೇ ನಿಮಿಷಕ್ಕೇ ಜಿರೂ ಮತ್ತು ಡೆಂಬೆಲೆ ಇಬ್ಬರನ್ನೂ ಹೊರಗೆ ಕರೆದು, ತುರಾಮ್ ಮತ್ತು ಕೋಲೊ ಮುವಾನಿಯನ್ನು ಇಳಿಸಿದರು. 64ನೇ ನಿಮಿಷಕ್ಕೆ ಡಿ ಮರಿಯಾ ಹೊರಗೆ ಹೋದರು. ಅಲ್ಲಿಂದ ಮುಂದೆ ಪಂದ್ಯದ ದಿಕ್ಕೇ ಬದಲಾಯಿತು. ಫ್ರಾನ್ಸಿನ ಎಂಬಾಪೆ 80 ಮತ್ತು 81ನೇ ನಿಮಿಷದಲ್ಲಿ ಎರಡು ಗೋಲು ಹೊಡೆದರು. ಈ ಹೆಸರುಗಳನ್ನು, ನಿಮಿಷಗಳನ್ನು ಪರದೆಯೇ ತೋರಿಸುತ್ತದೆ. ಒಂದಕ್ಕೊಂದು ಕೂಡಿಸಿ ಹೇಳುವುದು ಮನುಷ್ಯನ ಕೆಲಸ. ಎಡ ಅಂಚಿನಲ್ಲಿ ಏನು ತೊಂದರೆ ಆಗುತ್ತಿತ್ತು, ಆ ಬದಲಾವಣೆಯಿಂದ ಫ್ರಾನ್ಸಿಗೆ ಏನು ಸಿಕ್ಕಿತು, ಡಿ ಮರಿಯಾ ಹೋದ ಮೇಲೆ ಅಲ್ಲಿ ಯಾರಿಗೆ ಜಾಗ ಸಿಕ್ಕಿತು. ಇದನ್ನು ಆ ಗಳಿಗೆಯಲ್ಲೇ ಹೇಳುವವರು ಬೇಕು. ಪಂದ್ಯ ಮುಗಿದು ಒಂದು ದಿನ ಆದ ಮೇಲೆ ಎಲ್ಲರೂ ಜಾಣರೇ.

ಇದು ಆಗದ ಕೆಲಸ ಅಂತ ಹೇಳಬೇಡಿ. ನಿಮ್ಮದೇ ವಾಹಿನಿಯಲ್ಲಿ ಕೇಳಿದ್ದೇನೆ. ಒಮ್ಮೆ ಫ್ರೀ ಕಿಕ್‌ಗೆ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುತ್ತಿದ್ದರು. ಜೊತೆ ಕಾಮೆಂಟೇಟರ್ ಆಗಿ ಕೂತಿದ್ದವರು ಹಿಂದೆ ಗೋಲ್‌ಕೀಪರ್ ಆಗಿದ್ದವರು. "ನೋಡಿ, ಈ ಕೀಪರ್‌ಗೆ ಚೆಂಡು ಕಾಣುತ್ತಿಲ್ಲ. ಕಾಣಲಿ ಅಂತ ಎಡಕ್ಕೆ ಒಂದು ಹೆಜ್ಜೆ ಇಟ್ಟ. ಈಗ ಬಲಗಡೆ ಹೊಡೆದರೆ ಕಷ್ಟ" ಅಂದರು. ಇನ್ನೂ ಕಿಕ್ ಹೊಡೆದಿರಲಿಲ್ಲ. ಚೆಂಡು ಬಲಗಡೆಗೇ ಬಂತು, ಒಳಗೆ ಹೋಯಿತು. ಅವರು "ನಾನು ಹೇಳಿದ್ದೆ ಅಲ್ವಾ" ಅಂತ ಬೀಗಲಿಲ್ಲ. ಸುಮ್ಮನಾದರು. ಅವತ್ತಿಂದ ನಾನು ಪ್ರತಿ ಫ್ರೀ ಕಿಕ್‌ನಲ್ಲೂ ಗೋಲ್‌ಕೀಪರ್‌ನ ಕಾಲು ನೋಡುತ್ತೇನೆ. ಒಂದು ಮಾತು ನೋಡುವ ರೀತಿಯನ್ನೇ ಬದಲಾಯಿಸಿತು. ಅಂಥವರನ್ನು ನೀವು ದೊಡ್ಡ ಪಂದ್ಯಕ್ಕೆ ಕೂರಿಸುವುದಿಲ್ಲ. ಹೆಸರು ದೊಡ್ಡದಿರುವ ಮಾಜಿ ಸ್ಟಾರ್ ಒಬ್ಬರನ್ನು ಕರೆಯುತ್ತೀರಿ. ಅವರು ತೊಂಬತ್ತು ನಿಮಿಷವೂ "ಅದ್ಭುತ ಆಟಗಾರ", "ಅದ್ಭುತ ಪಾಸ್", "ಅದ್ಭುತ ವಾತಾವರಣ" ಅಂತ ಹೇಳಿ ಎದ್ದು ಹೋಗುತ್ತಾರೆ.

ಇನ್ನು ಸುಮ್ಮನಿರುವ ವಿಷಯ. ಮಾತು ನಿಂತರೆ ವೀಕ್ಷಕ ಚಾನೆಲ್ ಬದಲಾಯಿಸುತ್ತಾನೆ ಅನ್ನುವ ಭಯ ನಿಮಗೆ ಯಾರು ಹುಟ್ಟಿಸಿದರೋ ಗೊತ್ತಿಲ್ಲ. 2012ರ ಮೇ 13ರಂದು ಮ್ಯಾಂಚೆಸ್ಟರ್ ಸಿಟಿ ಲೀಗ್ ಗೆದ್ದದ್ದು ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದಲ್ಲಿ ಬಿದ್ದ ಗೋಲಿನಿಂದ. ಕಾಮೆಂಟೇಟರ್ ಮಾರ್ಟಿನ್ ಟೈಲರ್ ಗೋಲು ಹೊಡೆದ ಅಗ್ವೆರೊ ಹೆಸರನ್ನು ಉಸಿರು ಇರುವಷ್ಟೂ ಎಳೆದು ಕೂಗಿದರು. ಆಮೇಲೆ ಬಾಯಿ ಮುಚ್ಚಿದರು. ಅಂಗಿ ಬಿಚ್ಚಿ ಓಡುವ ಆಟಗಾರ, ಹುಚ್ಚೆದ್ದ ಜನ, ಅದರ ಸದ್ದು. ಅಷ್ಟೇ ಸಾಕಾಯಿತು. ಇವತ್ತು ನಿಮ್ಮವರಿಗೆ ಅಂಥ ಗೋಲು ಸಿಕ್ಕಿದ್ದರೆ ಏನಾಗುತ್ತಿತ್ತು? ಚೆಂಡು ಬಲೆ ಮುಟ್ಟುವ ಹೊತ್ತಿಗೇ ಇಬ್ಬರೂ ಒಟ್ಟಿಗೆ ಕಿರುಚಿರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರ ಮೇಲೆ. ನಡುವೆ ಇತಿಹಾಸದ ಪಾಠ. ಜನರ ಸದ್ದನ್ನು ತಗ್ಗಿಸಿ, ಇವರ ಮಾತನ್ನು ಏರಿಸಿ ನಮಗೆ ಕೊಡುತ್ತಿದ್ದಿರಿ.

ಸುಮ್ಮನಿರುವುದು ಬರೀ ಸಂಭ್ರಮಕ್ಕೆ ಬೇಕಾದ ವಿದ್ಯೆ ಅಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಆಡುವಾಗ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದರು. ಹೃದಯ ನಿಂತಿತ್ತು. ಸಹ ಆಟಗಾರರು ಸುತ್ತ ಗೋಡೆಯಂತೆ ನಿಂತು ಅವರನ್ನು ಕ್ಯಾಮೆರಾದಿಂದ ಮರೆ ಮಾಡಿದರು. ಅಂಥ ಹೊತ್ತಿನಲ್ಲಿ ಮೈಕ್ ಮುಂದೆ ಕೂತವರಿಗೆ ಏನು ಗೊತ್ತಿದೆಯೋ ಅಷ್ಟನ್ನೇ ಹೇಳಬೇಕು. ಗೊತ್ತಿಲ್ಲದ್ದನ್ನು ಊಹಿಸಬಾರದು. ಆಮೇಲೆ ಅವರು ಬದುಕಿ, ಮತ್ತೆ ಆಟಕ್ಕೂ ಬಂದರು ಅನ್ನುವುದು ಎಲ್ಲರ ಪುಣ್ಯ. ಎಡಬಿಡದೆ ಮಾತಾಡುವುದೇ ಕೆಲಸ ಅಂತ ಕಲಿತವರು ಅಂಥ ಗಳಿಗೆ ಬಂದಾಗ ಏನು ಮಾಡುತ್ತಾರೆ ಅಂತ ನೆನೆಸಿಕೊಂಡರೆ ಭಯವಾಗುತ್ತದೆ. ನಿಮ್ಮ ತಂಡಕ್ಕೆ ಇದರ ಬಗ್ಗೆ ಏನಾದರೂ ತರಬೇತಿ ಇದೆಯಾ? ಇದ್ದರೆ ಸಂತೋಷ.

ಕಿರುಚಬೇಡಿ ಅಂತ ನಾನು ಹೇಳುತ್ತಿಲ್ಲ. ಕೂಗು ಬೇಕು. 1981ರಲ್ಲಿ ನಾರ್ವೆ 2-1ರಿಂದ ಇಂಗ್ಲೆಂಡನ್ನು ಸೋಲಿಸಿದಾಗ ಬ್ಯೋರ್ಗೆ ಲಿಲ್ಲೆಲಿಯೆನ್ ರೇಡಿಯೊದಲ್ಲಿ ಇಂಗ್ಲೆಂಡಿನ ಇತಿಹಾಸ ಪುರುಷರ ಹೆಸರುಗಳನ್ನು ಒಂದೊಂದಾಗಿ ಕರೆದು, ಪ್ರಧಾನಿ ಥ್ಯಾಚರ್ ಅವರನ್ನೂ ಬಿಡದೆ, ನಿಮ್ಮ ಹುಡುಗರು ಚೆನ್ನಾಗಿ ಒದೆ ತಿಂದರು ಅಂತ ಸಾರಿದರು. 1986ರ ಜೂನ್ 22ರಂದು ಮರಡೋನಾ ಅರ್ಧ ಮೈದಾನ ಓಡಿ ಇಂಗ್ಲೆಂಡಿಗೆ ಗೋಲು ಹೊಡೆದಾಗ ವಿಕ್ಟರ್ ಹ್ಯೂಗೊ ಮೊರಾಲೆಸ್ ಮೈಕ್‌ನಲ್ಲೇ ಅತ್ತರು, ದೇವರಿಗೆ ಥ್ಯಾಂಕ್ಸ್ ಹೇಳಿದರು. ಎರಡನ್ನೂ ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ. ಯಾಕೆಂದರೆ ಆ ಗೋಲು, ಆ ಗೆಲುವು ಆ ಕೂಗಿಗೆ ತಕ್ಕದಾಗಿದ್ದವು. ನಿಮ್ಮವರು 12ನೇ ನಿಮಿಷದ ಥ್ರೋ-ಇನ್‌ಗೂ ಅದೇ ದನಿಯಲ್ಲಿ ಕಿರುಚುತ್ತಾರೆ. ಮೂವತ್ತು ಗಜದಿಂದ ಹೊಡೆದು ಗ್ಯಾಲರಿಗೆ ಹೋದ ಚೆಂಡಿಗೂ "ಓಹೋಹೋ!" ಅನ್ನುತ್ತಾರೆ. ಆಮೇಲೆ ನಿಜವಾದ ಗೋಲು ಬಂದಾಗ ಏರಿಸುವುದಕ್ಕೆ ದನಿಯೇ ಉಳಿದಿರುವುದಿಲ್ಲ.

ಹಾಗೇ ಬರೆದಿಟ್ಟುಕೊಂಡು ಬಂದ ಡೈಲಾಗ್‌ಗಳು. ಈಚೆಗೆ ಇದು ಜಾಸ್ತಿಯಾಗಿದೆ. ಗೋಲು ಬಿದ್ದ ತಕ್ಷಣ ಪ್ರಾಸಬದ್ಧ ಸಾಲೊಂದು ಉದುರುತ್ತದೆ. ಆ ಸಾಲು ಯಾರು ಗೋಲು ಹೊಡೆದರೂ, ಹೇಗೆ ಹೊಡೆದರೂ ಹೊಂದುವಂತಿರುತ್ತದೆ. ತುಣುಕು ಮಾಡಿ ಫೋನಿನಲ್ಲಿ ಹಂಚಲಿ ಅಂತಲೇ ಮಾಡಿದ್ದು ಅಂತ ಗೊತ್ತಾಗುತ್ತದೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ಬಿಬಿಸಿ ಕಾಮೆಂಟೇಟರ್ ಕೆನೆತ್ ವೋಲ್ಸ್ಟನ್‌ಹೋಮ್ ಹೇಳಿದ ಮಾತು ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಬಾಯಿಪಾಠ. ಅದು ಹೇಗೆ ಹುಟ್ಟಿತು? ಪಂದ್ಯ ಮುಗಿಯುವ ಮೊದಲೇ ಕೆಲವರು ಮೈದಾನಕ್ಕೆ ನುಗ್ಗಿದ್ದನ್ನು ಅವರು ನೋಡಿದರು. ಮುಗಿಯಿತು ಅಂದುಕೊಂಡಿದ್ದಾರೆ ಅಂದರು. ಅಷ್ಟರಲ್ಲಿ ಇಂಗ್ಲೆಂಡಿನ ಹರ್ಸ್ಟ್ ತನ್ನ ಮೂರನೇ ಗೋಲು, ತಂಡದ ನಾಲ್ಕನೇ ಗೋಲು ಹೊಡೆದರು. ಈಗ ಮುಗಿಯಿತು ಅಂದರು ವೋಲ್ಸ್ಟನ್‌ಹೋಮ್. ಕಣ್ಣೆದುರು ಇದ್ದದ್ದನ್ನು ಹೇಳಿದ್ದಷ್ಟೇ.

ನಿಯಮಗಳ ವಿಷಯದಲ್ಲಂತೂ ನಿಮ್ಮವರ ತಯಾರಿ ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ (ಪಾಸ್ ಬರುವಾಗ ಎದುರಾಳಿಯ ರಕ್ಷಕರನ್ನು ದಾಟಿ ಮುಂದೆ ನಿಂತಿರುವ ತಪ್ಪು) ಇಲ್ಲ. ಗೋಲ್ ಕಿಕ್‌ಗೂ ಇಲ್ಲ, ಕಾರ್ನರ್‌ಗೂ ಇಲ್ಲ. ಶಾಲೆಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಥ್ರೋ-ಇನ್ ಆದ ಮೇಲೆ "ಆಫ್‌ಸೈಡ್ ಇದ್ದಂತಿದೆ, ಲೈನ್ಸ್‌ಮನ್ ನೋಡಲಿಲ್ಲ" ಅಂತ ನಿಮ್ಮ ಪ್ರಸಾರದಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ. ಹ್ಯಾಂಡ್‌ಬಾಲ್ ಇನ್ನೂ ಗೋಜಲು. ಅದು ನಿಜಕ್ಕೂ ಕಷ್ಟದ ನಿಯಮ, ಒಪ್ಪುತ್ತೇನೆ. ಆಟಗಾರನ ಕೈಗೆ ಆಕಸ್ಮಿಕವಾಗಿ ತಗುಲಿ ತಕ್ಷಣ ಅವನೇ ಗೋಲು ಹೊಡೆದರೆ ಗೋಲಿಲ್ಲ. ಆದರೆ ಸಹ ಆಟಗಾರನ ಕೈಗೆ ಆಕಸ್ಮಿಕವಾಗಿ ತಗುಲಿದ ಚೆಂಡಿನಿಂದ ಇನ್ನೊಬ್ಬ ಗೋಲು ಹೊಡೆದರೆ, 2021ರ ಬದಲಾವಣೆ ಆದ ಮೇಲೆ, ಅದು ಗೋಲು. ಇದು ಗೊತ್ತಿಲ್ಲದೆ ರೆಫರಿಯನ್ನು ಬೈಯುತ್ತಾ ಕೂತರೆ ನೋಡುವ ಲಕ್ಷಾಂತರ ಜನ ಅದನ್ನೇ ನಂಬುತ್ತಾರೆ. ಆಮೇಲೆ ರೆಫರಿಗೆ ಬರುವ ಬೈಗುಳ, ಬೆದರಿಕೆಗಳಿಗೆ ನೀವು ಹೊಣೆ ಅಲ್ಲ ಅಂತ ಕೈ ತೊಳೆದುಕೊಳ್ಳುವುದು ಸರಿಯಾ?

ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಯ ತೀರ್ಮಾನ ಪರಿಶೀಲಿಸುವ ವ್ಯವಸ್ಥೆ, 2018ರಲ್ಲಿ ನಿಯಮ ಪುಸ್ತಕ ಸೇರಿದಾಗ ಅದರ ವ್ಯಾಪ್ತಿ ನಾಲ್ಕೇ ವಿಷಯ. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಕಾರ್ಡನ್ನು ತಪ್ಪು ಆಟಗಾರನಿಗೆ ಕೊಟ್ಟದ್ದು. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ, ಓದಿಕೊಂಡು ಬರುವುದು ಕೆಲಸದ ಭಾಗ. ಪರಿಶೀಲನೆಗೆ ಮೂರು ನಿಮಿಷ ಹಿಡಿದರೆ ಆ ಮೂರು ನಿಮಿಷ ವೀಕ್ಷಕನಿಗೆ ಚಿನ್ನ. ಏನನ್ನು ನೋಡುತ್ತಿದ್ದಾರೆ, ಯಾವ ಗೆರೆ, ಯಾವ ಕಾಲು, ಯಾಕೆ ತಡ ಅಂತ ಹೇಳಬಹುದು. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳೇ ಮೈಕ್ ಹಿಡಿದು ತೀರ್ಮಾನವನ್ನು ಇಡೀ ಮೈದಾನಕ್ಕೆ ಹೇಳಿದರು. ರೆಫರಿಯೇ ವಿವರಿಸಿದ್ದನ್ನು ನಿಮ್ಮವರು ಕೇಳಿಸಿಕೊಂಡರೂ ಸಾಕಿತ್ತು. ಅದರ ಮೇಲೂ ಮಾತಾಡಿಬಿಡುತ್ತಾರೆ.

ಅಂಕಿ ಅಂಶಗಳ ಬಗ್ಗೆ ಒಂದೆರಡು ಮಾತು. ಕೊಡಿ, ಬೇಡ ಅನ್ನಲ್ಲ. ಆದರೆ ಅರ್ಥ ಹೇಳಿ ಕೊಡಿ. "ಎಕ್ಸ್‌ಜಿ 1.8" ಅಂತ ಓದಿ ಮುಂದೆ ಹೋದರೆ ಯಾರಿಗೆ ಏನು ತಿಳಿಯಿತು? ಒಂದು ಹೊಡೆತ ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರ ತನಕ ಅಳೆಯುತ್ತಾರೆ, ಪೆನಾಲ್ಟಿಗೆ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ, ಎಲ್ಲ ಹೊಡೆತಗಳದ್ದನ್ನು ಕೂಡಿಸಿದರೆ ಈ ಸಂಖ್ಯೆ ಅಂತ ಒಂದು ಸಲ ಹೇಳಿದರೆ ಮುಗಿಯಿತು. ಚೆಂಡಿನ ಹಿಡಿತದ ಲೆಕ್ಕವೂ ಹಾಗೇ. ಶೇಕಡಾ ಜಾಸ್ತಿ ಇದ್ದ ತಂಡವೇ ಚೆನ್ನಾಗಿ ಆಡುತ್ತಿದೆ ಅಂತ ಗಿಳಿಪಾಠ ಒಪ್ಪಿಸುತ್ತಾರೆ. 2022ರ ವಿಶ್ವಕಪ್‌ನಲ್ಲಿ ಜಪಾನ್ ಶೇ. 20ಕ್ಕಿಂತ ಕಡಿಮೆ ಹೊತ್ತು ಚೆಂಡು ಇಟ್ಟುಕೊಂಡು ಸ್ಪೇನನ್ನು 2-1ರಿಂದ ಸೋಲಿಸಿತು. ಚೆಂಡು ಬಿಟ್ಟುಕೊಟ್ಟು ಕಾಯುವುದೂ ಒಂದು ಆಟವೇ. ಅದನ್ನು ಬಿಡಿಸಿ ಹೇಳುವವರು ಬೇಕು.

ಈಗ ಸ್ವಲ್ಪ ಗಂಭೀರವಾದ ವಿಷಯ. 2020ರಲ್ಲಿ ರನ್‌ರಿಪೀಟ್ ಅನ್ನುವ ಸಂಸ್ಥೆ ಯುರೋಪಿನ ನಾಲ್ಕು ಲೀಗ್‌ಗಳ 80 ಪಂದ್ಯಗಳ ಕಾಮೆಂಟರಿಯಿಂದ ಆಟಗಾರರ ಬಗ್ಗೆ ಆಡಿದ 2,073 ಮಾತುಗಳನ್ನು ವಿಂಗಡಿಸಿ ನೋಡಿತು. ಬುದ್ಧಿ, ದುಡಿಮೆ, ಆಟದ ಗುಣಮಟ್ಟಕ್ಕೆ ಸಿಕ್ಕ ಹೊಗಳಿಕೆಯಲ್ಲಿ ಹೆಚ್ಚು ಪಾಲು ಬಿಳಿ ಮೈಬಣ್ಣದವರಿಗೆ. ಕಪ್ಪು ಮೈಬಣ್ಣದವರಿಗೆ ಸಿಕ್ಕಿದ್ದು ಬಲ, ವೇಗದ ಮಾತು. ಇದನ್ನು ಓದಿದ ಮೇಲೆ ನಿಮ್ಮ ಪ್ರಸಾರ ಕೇಳಿದರೆ ಕಿವಿಗೆ ಹೊಡೆಯುತ್ತದೆ. ಒಬ್ಬ ಮಿಡ್‌ಫೀಲ್ಡರ್ ಪಂದ್ಯವಿಡೀ ಸರಿಯಾದ ಜಾಗದಲ್ಲಿ ನಿಂತು ಎದುರಾಳಿಯ ಪಾಸ್‌ಗಳನ್ನು ತಡೆಯುತ್ತಾನೆ. "ಎಂಥಾ ಶಕ್ತಿ, ಎಂಥಾ ದೇಹ" ಅನ್ನುತ್ತಾರೆ. ಶಕ್ತಿ ಇರಲಿ, ಅವನು ಪಾಸ್ ಬರುವ ಮೊದಲೇ ಅಲ್ಲಿಗೆ ಹೋಗಿ ನಿಂತಿದ್ದ. ಅದು ತಲೆ ಓಡಿಸಿದ್ದು. ಯಾರೂ ಬೇಕೆಂದು ಹಾಗೆ ಮಾಡುತ್ತಿಲ್ಲ ಅಂತ ನಂಬುತ್ತೇನೆ. ಪಂದ್ಯವನ್ನು ನೋಡದೆ, ಬಾಯಿಗೆ ಬಂದ ಹಳೇ ಮಾತು ಹೇಳಿದಾಗ ಹೀಗಾಗುತ್ತದೆ.

ಹೆಸರುಗಳನ್ನೂ ಅಷ್ಟೇ. ಆಡುವ ಹನ್ನೊಂದು ಜನರ ಪಟ್ಟಿ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲೇ ಕೈಗೆ ಸಿಗುತ್ತದೆ. ಹೇಗೆ ಉಚ್ಚರಿಸಬೇಕು ಅಂತ ಕೇಳಿ ತಿಳಿದುಕೊಳ್ಳಲು ಅದು ಧಾರಾಳ. ಚಿಕ್ಕ ತಂಡದ ಆಟಗಾರರ ಹೆಸರನ್ನಂತೂ ಹೇಳುವುದೇ ಇಲ್ಲ. ದೊಡ್ಡ ಕ್ಲಬ್‌ನ ಹನ್ನೊಂದು ಜನರ ಎದುರು ಹೆಸರಿಲ್ಲದ ಹನ್ನೊಂದು ಜನ ಆಡಿದಂತೆ ಇರುತ್ತದೆ. ಮದುವೆ ಮನೆಯಲ್ಲಿ ಹುಡುಗನ ಕಡೆಯವರನ್ನಷ್ಟೇ ಮಾತಾಡಿಸಿದ ಹಾಗೆ. ಆ ತಂಡದ ಅಭಿಮಾನಿಯೂ ಅದೇ ಚಂದಾ ಕಟ್ಟಿದ್ದಾನೆ, ನೆನಪಿರಲಿ.

ಒಂದು ಮಾತು ಸ್ಪಷ್ಟಪಡಿಸಬೇಕು. ಕಾಮೆಂಟರಿ ಬಗ್ಗೆ ದೂರು ಅಂದ ಕೂಡಲೇ ಕೆಲವರು ಹೆಣ್ಣು ದನಿಯ ಮೇಲೆ, ಮಾತಿನ ಧಾಟಿಯ ಮೇಲೆ ಮುಗಿಬೀಳುತ್ತಾರೆ. 2007ರಲ್ಲಿ ಜಾಕಿ ಓಟ್ಲಿ ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಕಾರ್ಯಕ್ರಮಕ್ಕೆ ಕಾಮೆಂಟರಿ ಮಾಡಿದ ಮೊದಲ ಮಹಿಳೆಯಾದರು. ಅವರು ಬಾಯಿ ತೆರೆಯುವ ಮೊದಲೇ ಟೀಕೆ ಶುರುವಾಗಿತ್ತು. ಆ ಗುಂಪಿಗೆ ನನ್ನನ್ನು ಸೇರಿಸಬೇಡಿ. ದನಿ ಯಾರದಾದರೂ ಇರಲಿ, ಧಾಟಿ ಯಾವುದಾದರೂ ಇರಲಿ, ಎದುರಿಗಿರುವುದನ್ನು ನೋಡಿ ಮಾತಾಡಲಿ.

ನಿಮ್ಮ ಉತ್ತರ ನನಗೆ ಗೊತ್ತು. "ಹೊಸ ವೀಕ್ಷಕರು ಬರಬೇಕು, ಅವರಿಗೆ ಮಜಾ ಬೇಕು, ತಾಂತ್ರಿಕ ಮಾತು ಯಾರಿಗೂ ಬೇಡ." ಹೊಸಬರಿಗೇ ವಿವರಣೆ ಜಾಸ್ತಿ ಬೇಕಾಗಿರುವುದು. ಕಾರ್ನರ್ ಯಾಕೆ ಕೊಟ್ಟರು ಅಂತ ಹಳಬನಿಗೆ ಹೇಗೋ ಗೊತ್ತಾಗುತ್ತದೆ. ಮೊದಲ ಸಲ ನೋಡುವ ಹುಡುಗಿಗೆ ಯಾರು ಹೇಳಬೇಕು? ನಗೆ ಚಟಾಕಿ ಹಾರಿಸುವ ಇಬ್ಬರನ್ನು ಕೇಳಿ ಅವಳು ಎಷ್ಟು ದಿನ ಪಂದ್ಯ ನೋಡಿಯಾಳು?

ಇನ್ನೊಂದು ಉತ್ತರವೂ ಇದೆ. ಅದರಲ್ಲಿ ನ್ಯಾಯವಿದೆ. ಎಷ್ಟೋ ಪಂದ್ಯಗಳಿಗೆ ಕಾಮೆಂಟೇಟರ್‌ಗಳು ಮೈದಾನದಲ್ಲೇ ಇರುವುದಿಲ್ಲ. ಎಲ್ಲೋ ದೂರದ ಸ್ಟುಡಿಯೊದಲ್ಲಿ, ನಮಗೆ ಬರುವ ಚಿತ್ರವನ್ನೇ ನೋಡಿ ಮಾತಾಡುತ್ತಾರೆ. 2020ರ ಕೊರೊನಾ ಕಾಲದಲ್ಲಿ ಇದು ಹೆಚ್ಚಾಯಿತು. ನಮಗೆ ಕಾಣದ್ದು ಅವರಿಗೂ ಕಾಣುವುದಿಲ್ಲ. ಕ್ಯಾಮೆರಾ ಕೋಚ್‌ನ ಮುಖ ತೋರಿಸುವಾಗ ಮೈದಾನದಲ್ಲಿ ಏನಾಯಿತು ಅಂತ ಅವರಾದರೂ ಹೇಗೆ ಹೇಳುತ್ತಾರೆ ಪಾಪ? ಹಾಗಾಗಿ ಈ ಭಾಗ ಅವರಿಗಲ್ಲ, ದುಡ್ಡು ಉಳಿಸಲು ಹೀಗೆ ಮಾಡಿದ ನಿಮಗೆ. ದೊಡ್ಡ ಟೂರ್ನಿಗಳಲ್ಲಿ ಇಡೀ ಮೈದಾನ ಕಾಣುವ ಟ್ಯಾಕ್ಟಿಕಲ್ ಕ್ಯಾಮೆರಾದ ಚಿತ್ರ ಬೇರೆಯಾಗಿ ಸಿಗುತ್ತದೆ. ಅಂಥ ಒಂದು ಪರದೆಯನ್ನಾದರೂ ಅವರ ಮುಂದೆ ಇಡಿ. ಸ್ಟುಡಿಯೊದಿಂದ ಮಾತಾಡುತ್ತಿದ್ದಾರೆ ಅಂತ ಪ್ರಸಾರದಲ್ಲೇ ಹೇಳಿ. ಮೈದಾನದಲ್ಲಿ ಇದ್ದಂತೆ ನಟಿಸುವುದನ್ನು ಬಿಡಿ.

ಇನ್ನು ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು, ಕಾಮೆಂಟರಿ ಇಲ್ಲದೆ ಮೈದಾನದ ಸದ್ದು ಮಾತ್ರ ಕೇಳುವ ಆಯ್ಕೆಯನ್ನು ಕೊಡಿ. ಇದು ಕಷ್ಟವಲ್ಲ ಅಂತ ನಿಮಗೇ ಗೊತ್ತು. ದೊಡ್ಡ ಪಂದ್ಯಗಳ ಮೂಲ ಪ್ರಸಾರದಲ್ಲಿ ಮೈದಾನದ ಸದ್ದು ಬೇರೆ ಟ್ರ್ಯಾಕ್‌ನಲ್ಲೇ ಬರುತ್ತದೆ. ಅದರ ಮೇಲೆ ಒಂದೊಂದು ದೇಶದವರು, ಒಂದೊಂದು ಭಾಷೆಯವರು ತಮ್ಮ ಮಾತು ಸೇರಿಸುತ್ತಾರೆ. ಭಾಷೆ ಆರಿಸುವ ಪಟ್ಟಿ ನಿಮ್ಮ ಆ್ಯಪ್‌ನಲ್ಲಿ ಈಗಲೇ ಇದೆ. ಅದರಲ್ಲಿ ಒಂದು ಸಾಲು ಜಾಸ್ತಿ ಮಾಡಬೇಕು, ಅಷ್ಟೇ. ಬೇರೆ ಕಡೆ ಕೆಲವು ಪ್ರಸಾರಕರು ಇದನ್ನು ಕೊಟ್ಟಿದ್ದಾರೆ. ಎಷ್ಟು ಜನ ಆ ಸಾಲು ಒತ್ತುತ್ತಾರೆ ಅಂತ ನೀವೇ ಎಣಿಸಿ ನೋಡಿ. ಕಾಮೆಂಟರಿ ಹೇಗಿದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಅಳತೆ ಸಿಗಲ್ಲ.

ಚೆಂಡು ಆಟದಲ್ಲಿ ಇರುವಾಗ ಮುಂದಿನ ಕಾರ್ಯಕ್ರಮದ ಪ್ರಚಾರವನ್ನು ಕಾಮೆಂಟೇಟರ್ ಬಾಯಲ್ಲಿ ಓದಿಸಬೇಡಿ. ಕಾರ್ನರ್ ಹೊಡೆಯಲು ಆಟಗಾರ ಓಡಿ ಬರುತ್ತಿದ್ದಾನೆ, ಇವರು ಶನಿವಾರ ರಾತ್ರಿ ಏನಿದೆ ಅಂತ ಹೇಳುತ್ತಿರುತ್ತಾರೆ. ಓದುವವರಿಗೂ ಅದು ಮುಜುಗರವೇ ಇರಬೇಕು. ಆಟ ನಿಂತಾಗ ಬೇಕಾದಷ್ಟು ಹೊತ್ತು ಸಿಗುತ್ತದೆ, ಆಗ ಹೇಳಲಿ.

ರೆಫರಿ ಆಗಿದ್ದವರೊಬ್ಬರನ್ನು ಪ್ರತಿ ಪ್ರಸಾರಕ್ಕೂ ಜೊತೆಗೆ ಇಟ್ಟುಕೊಳ್ಳಿ. ಪರದೆ ಮೇಲೆ ಬರದಿದ್ದರೂ ಪರವಾಗಿಲ್ಲ, ಕಾಮೆಂಟೇಟರ್‌ನ ಕಿವಿಯಲ್ಲಿ ಹೇಳಿದರೆ ಸಾಕು. ತಪ್ಪು ಮಾತು ಹೋಗಿದ್ದರೆ ಅದೇ ಪಂದ್ಯದಲ್ಲಿ, ಅದೇ ದನಿಯಲ್ಲಿ ತಿದ್ದಿ. ತಪ್ಪು ಎಲ್ಲರಿಂದಲೂ ಆಗುತ್ತದೆ. ನೇರ ಪ್ರಸಾರದಲ್ಲಿ ಇಪ್ಪತ್ತೆರಡು ಜನರನ್ನು ಗುರುತು ಹಿಡಿದು ಮಾತಾಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ತಿದ್ದದೆ ಮುಂದೆ ಹೋಗುವುದೇ ಸಿಟ್ಟು ಬರಿಸುವುದು.

ಮತ್ತು ನಿರ್ಮಾಪಕರೇ, ವಾರಕ್ಕೊಮ್ಮೆ ನಿಮ್ಮದೇ ಒಂದು ಪಂದ್ಯವನ್ನು ಕಾಮೆಂಟೇಟರ್‌ಗಳ ಜೊತೆ ಕೂತು ಪೂರ್ತಿ ನೋಡಿ. ಆಯ್ದ ತುಣುಕು ಬೇಡ, ತೊಂಬತ್ತು ನಿಮಿಷ ನೋಡಿ. ಪಂದ್ಯದ ಬಗ್ಗೆ ಎಷ್ಟು ನಿಮಿಷ ಮಾತಾಡಿದ್ದಾರೆ, ಬೇರೆಯದಕ್ಕೆ ಎಷ್ಟು ಹೋಯಿತು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ನಾನು ಮೇಲೆ ಹೇಳಿದ ಎಂಟು ಸೆಕೆಂಡಿನ ಪಂದ್ಯದಿಂದಲೇ ಶುರು ಮಾಡಬಹುದು. ಅದರ ದಿನಾಂಕ, ನಿಮಿಷ ಬೇಕಿದ್ದರೆ ಕಳಿಸಿಕೊಡುತ್ತೇನೆ.

ಈ ಕೋರಿಕೆಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಯಾಕೆ ಅನ್ನುವುದನ್ನು ಮುಂದಿನ ಸೀಸನ್ ಶುರುವಾಗುವ ಮೊದಲು ನಿಮ್ಮ ಪ್ರಸಾರದಲ್ಲೇ ವೀಕ್ಷಕರಿಗೆ ತಿಳಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಚಂದಾ ನವೀಕರಿಸುವ ಹೊತ್ತಿಗೆ ಉತ್ತರ ಬಂದರೆ ಒಳ್ಳೆಯದು.

ಇಂತಿ,
ನಿಮ್ಮ ಒಬ್ಬ ಚಂದಾದಾರ